ನಂದಲಾಲ್ ಬೋಸ್: ಚಿತ್ರ ನೋಡಿ ಮಾತಾಡಿದ ಮೇಷ್ಟ್ರು

ಅಭ್ಯಾಸ ಪಾಠಕ್ಕೆ ಹೋಗುವ ವಿಜ್ಞಾನದ ಪ್ರಶಿಕ್ಷಣಾರ್ಥಿಗಳ ಕೈಗೆ ವಾರವೂ ಮಕ್ಕಳ ಚಿತ್ರಗಳು ಬರುತ್ತವೆ. ಹೂವಿನ ನೀಳಛೇದ, ಮನುಷ್ಯನ ಹೃದಯ, ವಿದ್ಯುನ್ಮಂಡಲ, ಸಸ್ಯಕೋಶ. ಒಂದು ತರಗತಿಗೆ ನಲವತ್ತು ಪುಸ್ತಕಗಳಾದರೆ ಚಿತ್ರಗಳೂ ನಲವತ್ತು. ಅವುಗಳ ಕೆಳಗೆ ಸಾಮಾನ್ಯವಾಗಿ ಬೀಳುವ ಮಾತು ಎರಡೇ: ಚೆನ್ನಾಗಿದೆ, ಅಥವಾ ಅಂದವಾಗಿ ಬರೆ. ಇದನ್ನೇ ನಾವು ಪಾಠಯೋಜನೆಯಲ್ಲಿ ಹಿಮ್ಮಾಹಿತಿ ಎಂದು ಬರೆದುಕೊಳ್ಳುತ್ತೇವೆ. ಆದರೆ ಮೊದಲನೆಯ ಮಾತಿನಿಂದ ಮಗುವಿಗೆ ಯಾವುದು ಚೆನ್ನಾಗಿದೆ ಎಂಬುದು ತಿಳಿಯುವುದಿಲ್ಲ. ಎರಡನೆಯದರಿಂದ ಮುಂದೆ ಏನು ಮಾಡಬೇಕು ಎಂಬುದು ತಿಳಿಯುವುದಿಲ್ಲ. ಇನ್ನೊಬ್ಬರ ಚಿತ್ರವನ್ನು ನೋಡಿ ಹೇಗೆ ಮಾತಾಡಬೇಕು ಎಂಬುದನ್ನು ತಮ್ಮ ಗುರುಗಳಿಂದ ಕಲಿತು, ಮೂವತ್ತು ವರ್ಷ ವಿದ್ಯಾರ್ಥಿಗಳ ನಡುವೆ ಅದನ್ನು ನಡೆಸಿಕೊಂಡು ಬಂದವರು ನಂದಲಾಲ್ ಬೋಸ್. ಅವರ ಜೀವನವನ್ನು ಈ ಒಂದು ದೃಷ್ಟಿಯಿಂದ ಇಲ್ಲಿ ಪರಿಚಯಿಸಿದ್ದೇನೆ.

ನಂದಲಾಲರು ಹುಟ್ಟಿದ್ದು 1882ರ ಡಿಸೆಂಬರ್ 3ರಂದು, ಬಿಹಾರದ ಮುಂಗೇರ್ ಜಿಲ್ಲೆಯ ಖರಗ್‌ಪುರದಲ್ಲಿ. ತಂದೆ ಪೂರ್ಣಚಂದ್ರ ಬೋಸ್ ದರ್ಭಂಗಾ ಸಂಸ್ಥಾನದ ಕೆಲಸದಲ್ಲಿದ್ದರು. ತಾಯಿ ಕ್ಷೇತ್ರಮಣಿ ದೇವಿಯವರಿಗೆ ಗೊಂಬೆ ಮಾಡುವುದರಲ್ಲಿ, ಕೈಕೆಲಸದಲ್ಲಿ ಒಳ್ಳೆಯ ಹಿಡಿತವಿತ್ತು. ನಂದಲಾಲರು ಇನ್ನೂ ಚಿಕ್ಕವರಿರುವಾಗಲೇ ತಾಯಿ ತೀರಿಕೊಂಡರು. ಊರಿನಲ್ಲಿ ಮಣ್ಣಿನ ಮೂರ್ತಿ ಮಾಡುವವರ ಹತ್ತಿರ ಕುಳಿತು ನೋಡುವುದು, ತಾವೂ ಮಣ್ಣು ಕಲಸಿ ಮಾಡಿ ನೋಡುವುದು ಆ ಹುಡುಗನ ಇಷ್ಟದ ಕೆಲಸವಾಗಿತ್ತು.

ಹದಿಹರೆಯದಲ್ಲಿ ಓದಿಗಾಗಿ ಕಲ್ಕತ್ತೆಗೆ ಬಂದರು. ಪ್ರೌಢಶಾಲೆಯ ಪರೀಕ್ಷೆ ಹೇಗೋ ಮುಗಿಯಿತು. ಕಾಲೇಜಿನ ಪರೀಕ್ಷೆಯಲ್ಲಿ ಮಾತ್ರ ಅನುತ್ತೀರ್ಣರಾದರು. ಕಾಲೇಜು ಬದಲಾಯಿಸಿದರು, ಕೊನೆಗೆ ವಾಣಿಜ್ಯದ ಓದಿಗೂ ಸೇರಿದರು. ಯಾವುದೂ ಹಿಡಿಸಲಿಲ್ಲ. ಇಂದಿನ ಅಂಕಪಟ್ಟಿಯ ಲೆಕ್ಕದಲ್ಲಿ ನೋಡಿದರೆ ಅವರು ಹಿಂದುಳಿದ ವಿದ್ಯಾರ್ಥಿ. ಮನೆಯವರನ್ನು ಒಪ್ಪಿಸಿ 1905ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಹೋದಾಗ ಅವರ ಕೈಯಲ್ಲಿದ್ದದ್ದು ತಾವೇ ಬರೆದ ಕೆಲವು ಚಿತ್ರಗಳು. ಆಗ ಅಲ್ಲಿ ಇ. ಬಿ. ಹ್ಯಾವೆಲ್ ಪ್ರಾಂಶುಪಾಲರು, ರವೀಂದ್ರನಾಥ ಟಾಗೋರರ ಅಣ್ಣನ ಮಗನ ವರಸೆಯ ಅವನೀಂದ್ರನಾಥ ಟಾಗೋರರು ಉಪಪ್ರಾಂಶುಪಾಲರು. ಅವರಿಬ್ಬರೂ ಈ ಹುಡುಗನ ಅಂಕಗಳನ್ನು ಬಿಟ್ಟು ಚಿತ್ರಗಳನ್ನು ನೋಡಿದರು. ನಂದಲಾಲರು ಅವನೀಂದ್ರನಾಥರ ಶಿಷ್ಯರಾದರು.

ಅದೇ ಗುರುಗಳ ಬಳಿ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಕಲಿತರು ಎಂಬುದು ಕನ್ನಡಿಗರಿಗೆ ನೆನಪಿರಬೇಕಾದ ಸಂಗತಿ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವೆಂಕಟಪ್ಪ ಕಲಾ ಗ್ಯಾಲರಿ ಅವರ ಹೆಸರಿನದೇ. ಇಂಗ್ಲೆಂಡಿನಿಂದ ಬಂದ ಲೇಡಿ ಹೆರಿಂಗ್‌ಹ್ಯಾಮ್ ಅಜಂತಾದ ಗೋಡೆಚಿತ್ರಗಳ ಪ್ರತಿ ತೆಗೆಸುತ್ತಿದ್ದಾಗ ನೆರವಿಗೆ ಹೋದ ಯುವಕರಲ್ಲಿ ನಂದಲಾಲರೂ ಇದ್ದರು, ವೆಂಕಟಪ್ಪನವರೂ ಇದ್ದರು. ನಂದಲಾಲರು ಅಲ್ಲಿಗೆ ಹೋಗುವಂತೆ ಒತ್ತಾಯಿಸಿದವರು ಸೋದರಿ ನಿವೇದಿತಾ. ಒಂದೇ ಗುರುವಿನ ಕೈಕೆಳಗೆ ಬೆಳೆದರೂ ನಂದಲಾಲರ ಚಿತ್ರ ಒಂದು ದಾರಿ ಹಿಡಿಯಿತು, ವೆಂಕಟಪ್ಪನವರ ಊಟಿಯ ನಿಸರ್ಗಚಿತ್ರಗಳು ಇನ್ನೊಂದು ದಾರಿ ಹಿಡಿದವು. ಗುರು ತನ್ನ ಕೈಯನ್ನು ಶಿಷ್ಯರ ಮೇಲೆ ಒತ್ತಲಿಲ್ಲ ಎಂಬುದಕ್ಕೆ ಇದೂ ಒಂದು ಗುರುತು.

ಆ ಗುರುವೂ ಒಮ್ಮೆ ಒತ್ತಿಬಿಡುವುದರಲ್ಲಿದ್ದರು. ಆ ಪ್ರಸಂಗವನ್ನು ಅವನೀಂದ್ರನಾಥರೇ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ನಂದಲಾಲರು ಉಮೆಯ ತಪಸ್ಸು ಎಂಬ ದೊಡ್ಡ ಚಿತ್ರವೊಂದನ್ನು ಬರೆದಿದ್ದರು. ಬೆಟ್ಟದ ಮೈಯಲ್ಲಿ ಶಿವನಿಗಾಗಿ ತಪಸ್ಸು ಮಾಡುತ್ತ ನಿಂತ ಉಮೆ, ಮೇಲೆ ತೆಳುವಾದ ಚಂದ್ರರೇಖೆ. ಬಣ್ಣವೆಂದರೆ ಉದ್ದಕ್ಕೂ ಕಾವಿಯ ಸ್ವಲ್ಪ ಛಾಯೆ, ಅಷ್ಟೇ. ಗುರುಗಳಿಗೆ ಚಿತ್ರ ಬರಿದಾಗಿ ಕಂಡಿತು. ಇಷ್ಟು ಕಡಿಮೆ ಬಣ್ಣವೇಕೆ, ಉಮೆಯನ್ನು ತುಸು ಸಿಂಗರಿಸಬಾರದೇ, ಹಣೆಗೆ ಗಂಧ, ಕನಿಷ್ಠ ಒಂದು ದಾಸವಾಳದ ಹೂವಾದರೂ ಇರಬಾರದೇ ಎಂಬ ಸಲಹೆ ಕೊಟ್ಟು ಮನೆಗೆ ಹೋದರು.

ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ನಂದಲಾಲರು ಉಮೆಯನ್ನು ಹಾಗೆಯೇ ಕಂಡಿರಬಹುದಲ್ಲವೇ ಎಂಬ ಯೋಚನೆ ಹತ್ತಿತು. ಕಠಿಣ ತಪಸ್ಸಿನಲ್ಲಿ ಕಲ್ಲಿನಂತಾದವಳಿಗೆ ಬಣ್ಣ ಎಲ್ಲಿಂದ ಬರಬೇಕು, ಅಲಂಕಾರ ಯಾಕೆ ಬೇಕು? ಬೆಳಗಾಗುತ್ತಲೇ ಶಿಷ್ಯನಿದ್ದಲ್ಲಿಗೆ ಧಾವಿಸಿದರು. ಅಷ್ಟರಲ್ಲಿ ಬಣ್ಣ ಹಚ್ಚಿಬಿಟ್ಟಿದ್ದರೆ ಎಂಬ ಭಯ ಅವರಿಗಿತ್ತು. ಹೋಗಿ ನೋಡಿದರೆ ನಂದಲಾಲರು ಚಿತ್ರವನ್ನು ಎದುರಿಗಿಟ್ಟುಕೊಂಡು ಯೋಚಿಸುತ್ತ ಕುಳಿತಿದ್ದರು. ಗುರುಗಳು ತಡೆದರು. ಚಿತ್ರ ಇದ್ದಂತೆಯೇ ಸರಿಯಾಗಿದೆ, ಇನ್ನು ಕೈ ಹಚ್ಚಬೇಡ ಎಂದು ತಮ್ಮ ಸಲಹೆಯನ್ನು ಹಿಂತೆಗೆದುಕೊಂಡರು. ಇನ್ನು ಸ್ವಲ್ಪದರಲ್ಲಿ ಒಂದು ಒಳ್ಳೆಯ ಚಿತ್ರ ತಮ್ಮಿಂದ ಹಾಳಾಗುತ್ತಿತ್ತು ಎಂಬ ಅರಿವು ಅವರಿಗೆ ಕೊನೆಯವರೆಗೂ ಉಳಿಯಿತು.

ಈ ಪ್ರಸಂಗದಲ್ಲಿ ಗಮನಿಸಬೇಕಾದದ್ದು ಹಲವಿದೆ. ಅವನೀಂದ್ರನಾಥರ ಮಾತು ಒರಟಾಗಿರಲಿಲ್ಲ. ಪ್ರೀತಿಯ, ಸ್ಪಷ್ಟವಾದ ಸಲಹೆಯೇ ಅದು. ನಮ್ಮ ಅವಲೋಕನ ನಮೂನೆಯಲ್ಲಿ ಹಾಕಿ ನೋಡಿದರೆ ಒಳ್ಳೆಯ ಹಿಮ್ಮಾಹಿತಿಗೆ ಬೇಕಾದ ಲಕ್ಷಣಗಳೆಲ್ಲ ಅದರಲ್ಲಿದ್ದವು. ಆದರೂ ಅದು ತಪ್ಪಾದ ಸಲಹೆಯಾಗಿತ್ತು, ಏಕೆಂದರೆ ಅದು ಗುರುವಿನ ಮನಸ್ಸಿನ ಉಮೆಯನ್ನು ಕುರಿತದ್ದು, ಶಿಷ್ಯನು ಬರೆದ ಉಮೆಯನ್ನು ಕುರಿತದ್ದಲ್ಲ. ಶಿಷ್ಯನು ಗುರುವಿನ ಮಾತನ್ನು ಎಷ್ಟು ಹೆಚ್ಚು ಗೌರವಿಸುತ್ತಾನೋ ಅಪಾಯವೂ ಅಷ್ಟೇ ಹೆಚ್ಚು. ಸೌಜನ್ಯವೊಂದೇ ಸಾಲದು ಎಂಬುದು ಇಲ್ಲಿ ಕಾಣುತ್ತದೆ. ಚಿತ್ರ ಬರೆದವರು ಏನು ಮಾಡಹೊರಟಿದ್ದಾರೆ ಎಂಬುದನ್ನು ಮೊದಲು ತಿಳಿಯಬೇಕು.

1919ರಲ್ಲಿ ರವೀಂದ್ರನಾಥರು ಶಾಂತಿನಿಕೇತನದಲ್ಲಿ ಕಲಾಭವನವನ್ನು ಆರಂಭಿಸಿದರು. 1920ರ ದಶಕದ ಮೊದಲಿನಿಂದ 1951ರವರೆಗೆ ಅದನ್ನು ನಡೆಸಿದವರು ನಂದಲಾಲರು. ವಿದ್ಯಾರ್ಥಿಗಳು ಅವರನ್ನು ಮಾಸ್ಟರ್‌ಮಶಾಯ್ ಎಂದು ಕರೆಯುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಮೇಷ್ಟ್ರೇ ಎಂದು ಕರೆಯುವ ಹಾಗೆ. ಅಲ್ಲಿ ಗುರುಗಳೂ ಶಿಷ್ಯರ ನಡುವೆಯೇ ಕುಳಿತು ತಮ್ಮ ಚಿತ್ರ ಬರೆಯುತ್ತಿದ್ದರು. ಎಲ್ಲರೂ ಹೊರಗೆ ಹೋಗಿ ಗಿಡ, ಮರ, ದನ, ಸಂತಾಲರ ಹಳ್ಳಿಗಳನ್ನು ನೋಡಿ ಬರೆಯುತ್ತಿದ್ದರು. ನಂದಲಾಲರ ಬಳಿ ಸದಾ ಚಿಕ್ಕ ಕಾರ್ಡುಗಳಿರುತ್ತಿದ್ದವು. ಕಂಡದ್ದನ್ನು ಅವುಗಳ ಮೇಲೆ ಗೀಚಿಕೊಳ್ಳುವರು, ದೂರದ ಶಿಷ್ಯರಿಗೂ ಸ್ನೇಹಿತರಿಗೂ ಚಿತ್ರ ಬರೆದ ಕಾರ್ಡುಗಳನ್ನೇ ಕಳುಹಿಸುವರು.

ಕಲಾಭವನದ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರು ವಿನೋದ ಬಿಹಾರಿ ಮುಖರ್ಜಿ. ಅವರಿಗೆ ಹುಟ್ಟಿನಿಂದಲೇ ದೃಷ್ಟಿದೋಷವಿತ್ತು. ಕಣ್ಣು ಮಂದವಾಗಿರುವ ಹುಡುಗ ಚಿತ್ರಕಾರನಾಗುವುದು ಹೇಗೆ ಎಂಬ ಸಂದೇಹ ನಂದಲಾಲರಿಗೇ ಬಂದಿತ್ತು. ರವೀಂದ್ರನಾಥರು ವಿಚಾರಿಸಿದ್ದು ಆ ಹುಡುಗ ಮನಸ್ಸಿಟ್ಟು ಕೆಲಸ ಮಾಡುತ್ತಾನೆಯೇ ಎಂಬುದನ್ನು ಮಾತ್ರ. ಮಾಡುವುದಾದರೆ ಅವನ ಭವಿಷ್ಯದ ಚಿಂತೆ ನಮಗೆ ಬೇಡ, ಅವನ ದಾರಿಯನ್ನು ಅವನೇ ಹುಡುಕಿಕೊಳ್ಳಲಿ ಎಂಬುದು ಅವರ ಸಲಹೆ. ನಂದಲಾಲರು ಅದನ್ನು ಒಪ್ಪಿದರು. ಮುಂದೆ ವಿನೋದ ಬಿಹಾರಿಯವರು ಶಾಂತಿನಿಕೇತನದ ಹಿಂದಿ ಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರ ದೊಡ್ಡ ಚಿತ್ರವನ್ನು ಬರೆದರು. 1950ರ ದಶಕದಲ್ಲಿ ಕಣ್ಣು ಪೂರ್ತಿ ಹೋದ ಮೇಲೂ ಅವರ ಕೆಲಸ ನಿಲ್ಲಲಿಲ್ಲ.

1925ರಲ್ಲಿ ಬಾಂಕುಡಾದಿಂದ ಬಂದ ಬಡ ಯುವಕ ರಾಮ್‌ಕಿಂಕರ್ ಬೈಜ್. ಅವರು ತಂದಿದ್ದ ಚಿತ್ರಗಳನ್ನು ನೋಡಿ ನಂದಲಾಲರು, ಇಷ್ಟೆಲ್ಲ ಬಲ್ಲವರು ಇಲ್ಲಿಗೇಕೆ ಬಂದಿರಿ ಎಂಬಂತೆ ಕೇಳಿ, ಆದರೂ ಎರಡು ಮೂರು ವರ್ಷ ಇದ್ದು ನೋಡಲು ಹೇಳಿದರಂತೆ. ರಾಮ್‌ಕಿಂಕರರು ಜೀವಮಾನವೆಲ್ಲ ಅಲ್ಲಿಯೇ ಉಳಿದರು. ನಂದಲಾಲರ ಒಲವು ರೇಖೆ, ಜಲವರ್ಣ, ಟೆಂಪೆರಾಗಳ ಕಡೆಗೆ. ಶಿಷ್ಯನಾದರೋ ತೈಲವರ್ಣ ಹಿಡಿದರು, ಬಯಲಿನಲ್ಲಿ ಸಿಮೆಂಟು ಮತ್ತು ಕೆಂಪು ಜಲ್ಲಿಯಲ್ಲಿ ಆಳೆತ್ತರ ಮೀರಿದ ಮೂರ್ತಿಗಳನ್ನು ಮಾಡಿದರು. 1938ರ ಸಂತಾಲ್ ಕುಟುಂಬ ಎಂಬ ಆ ಶಿಲ್ಪ ಇಂದಿಗೂ ಶಾಂತಿನಿಕೇತನದಲ್ಲಿದೆ. ತನ್ನ ರುಚಿಗೆ ಹೊರತಾದ ಕೆಲಸ ತನ್ನ ಅಂಗಳದಲ್ಲೇ ಏಳುವುದಕ್ಕೆ ಗುರುಗಳು ಎಡೆಕೊಟ್ಟಿದ್ದರು. ಉಮೆಯ ಚಿತ್ರದ ಎದುರು ಕುಳಿತಿದ್ದ ಆ ಬೆಳಗನ್ನು ಅವರು ಮರೆತಿರಲಾರರು ಎಂದು ನನಗೆ ಅನಿಸುತ್ತದೆ.

ಹಾಗೆಂದು ಅವರು ಏನೂ ಹೇಳದೆ ಬಿಡುವವರಲ್ಲ. 1940ರಲ್ಲಿ ಸತ್ಯಜಿತ್ ರಾಯ್ ಅವರು ಕಲಾಭವನಕ್ಕೆ ವಿದ್ಯಾರ್ಥಿಯಾಗಿ ಬಂದರು. ಅವರು ಹಸುವಿನ ಚಿತ್ರ ಬರೆಯುತ್ತಿದ್ದಾಗ ನಂದಲಾಲರು ಹಿಂದೆ ನಿಂತು ನೋಡಿದರು. ಹೊರರೇಖೆ ಚೆನ್ನಾಗಿ ಬಂದಿದೆ ಎಂದು ಮೊದಲು ಒಪ್ಪಿಕೊಂಡರು. ಆಮೇಲೆ, ಹಸು ಎಂದರೆ ಹೊರರೇಖೆಯಷ್ಟೇ ಅಲ್ಲ, ಚರ್ಮದ ಕೆಳಗೆ ಮಾಂಸವಿದೆ, ಮೂಳೆಯಿದೆ, ಅದನ್ನು ಮನಸ್ಸಿನಲ್ಲಿ ಅನುಭವಿಸಿದರೆ ಪೆನ್ಸಿಲಿನ ಓಟದಲ್ಲಿಯೇ ಅದು ಕಾಣುತ್ತದೆ ಎಂದು ತಿಳಿಸಿದರು. ಮರ ಬರೆಯುವಾಗ ಕುಂಚವನ್ನು ಬುಡದಿಂದ ಮೇಲಕ್ಕೆ ಎಳೆಯಬೇಕು, ಏಕೆಂದರೆ ಮರ ಬೆಳೆಯುವುದು ಹಾಗೆಯೇ ಎಂಬುದನ್ನೂ ರಾಯ್ ಅವರಿಂದಲೇ ಕಲಿತರು. ಈ ಮಾತುಗಳಲ್ಲಿ ಆಗಿರುವುದೇನು, ಆಗಬೇಕಾದದ್ದೇನು, ಅದಕ್ಕೆ ಕಾರಣವೇನು, ಕೈ ಹೇಗೆ ನಡೆಯಬೇಕು ಎಂಬ ನಾಲ್ಕೂ ಇವೆ. ರಾಯ್ 1942ರಲ್ಲಿ ಓದು ಮುಗಿಸದೆಯೇ ಶಾಂತಿನಿಕೇತನ ಬಿಟ್ಟರು. ಜಾಹೀರಾತು ಸಂಸ್ಥೆಯೊಂದರಲ್ಲಿ ವಿನ್ಯಾಸಕಾರರಾಗಿ, ಮುಂದೆ ಚಿತ್ರನಿರ್ದೇಶಕರಾಗಿ ಹೆಸರು ಮಾಡಿದರು. ಗುರುಗಳಿಂದ ಪಡೆದದ್ದನ್ನು ಕೊನೆಯವರೆಗೂ ನೆನೆದರು.

ಶಿಷ್ಯರನ್ನು ಜೊತೆಗಾರರನ್ನಾಗಿ ಮಾಡಿಕೊಳ್ಳುವುದೂ ನಂದಲಾಲರ ಕ್ರಮವಾಗಿತ್ತು. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿಯವರ ಇಚ್ಛೆಯಂತೆ ಹಳ್ಳಿಗರಿಗೆ ಅರ್ಥವಾಗುವ, ಅಗ್ಗದ ಸಾಮಗ್ರಿಯ ಚಿತ್ರಫಲಕಗಳು ಬೇಕಾಗಿದ್ದವು. ಮಡಕೆ ಮಾಡುವವರು, ಬಡಗಿಗಳು, ಅಡುಗೆಯ ಹೆಂಗಸರು, ವಾದ್ಯಗಾರರು ಅವುಗಳ ವಸ್ತುವಾದರು. ಒಟ್ಟು ಸುಮಾರು 400 ಫಲಕಗಳು ಸಿದ್ಧವಾದವು. ಅವುಗಳಲ್ಲಿ ಎಂಬತ್ತಕ್ಕೂ ಹೆಚ್ಚು ಫಲಕಗಳನ್ನು ನಂದಲಾಲರು ತಾವೇ ಬರೆದರು, ಉಳಿದವನ್ನು ಶಿಷ್ಯರು ಮತ್ತು ಸಂಗಡಿಗರು ಪೂರೈಸಿದರು. ಭಾರತ ಸಂವಿಧಾನದ ಮೂಲ ಪ್ರತಿಯ ಅಲಂಕಾರವೂ ಹೀಗೆಯೇ ಗುರುಶಿಷ್ಯರ ಕೆಲಸ. ಅನೇಕ ಶಾಲೆಗಳ ಗೋಡೆಯಲ್ಲಿ ನಾವು ನೋಡುವ ಪ್ರಸ್ತಾವನೆಯ ಪುಟದ ಅಂಚನ್ನು ಬರೆದವರು ಅವರ ಶಿಷ್ಯ ಬ್ಯೋಹಾರ್ ರಾಮಮನೋಹರ ಸಿನ್ಹಾ. ಆ ಅಂಚಿನ ಮೂಲೆಯಲ್ಲಿ ಶಿಷ್ಯರ ಚಿಕ್ಕ ಸಹಿಯಿದೆ.

1951ರಲ್ಲಿ ನಿವೃತ್ತರಾದ ನಂದಲಾಲರಿಗೆ 1954ರಲ್ಲಿ ಪದ್ಮವಿಭೂಷಣ ಬಂದಿತು. 1966ರ ಏಪ್ರಿಲ್ 16ರಂದು ಅವರು ಕಲ್ಕತ್ತೆಯಲ್ಲಿ ನಿಧನರಾದರು.

ಈ ಜೀವನದಿಂದ ಅಭ್ಯಾಸ ಬೋಧನೆಗೆ ಏನು ದೊರೆಯುತ್ತದೆ? ವಿಜ್ಞಾನದ ಚಿತ್ರ ಉಮೆಯ ಚಿತ್ರದಂತಲ್ಲ ಎಂಬ ಆಕ್ಷೇಪ ಬರಬಹುದು. ಅದು ನಿಜವೇ. ಹೃದಯದ ಎಡ ಹೃತ್ಕುಕ್ಷಿಯನ್ನು ಬಲ ಹೃತ್ಕುಕ್ಷಿ ಎಂದು ಗುರುತಿಸಿದರೆ ಅದು ಮಗುವಿನ ದೃಷ್ಟಿಯಲ್ಲ, ತಪ್ಪು. ತಪ್ಪನ್ನು ತಪ್ಪೆಂದು ನೇರವಾಗಿ, ಕಾರಣ ಸಹಿತ ಹೇಳಬೇಕು. ಆದರೆ ಕೆಂಪು ಶಾಯಿ ಬೀಳುವ ಎಷ್ಟೋ ಕಡೆ ಇರುವುದು ತಪ್ಪಲ್ಲ, ನಮ್ಮ ರುಚಿ. ಹಲಗೆಯ ಮೇಲಿನ ನಮ್ಮ ದಾಸವಾಳದಂತೆ ಇಲ್ಲದೆ ಅಂಗಳದಿಂದ ಕಿತ್ತು ತಂದ ಬಾಡಿದ ದಾಸವಾಳವನ್ನು ನೋಡಿ ಬರೆದ ಮಗುವಿನ ಚಿತ್ರ ಅಂದವಾಗಿಲ್ಲದಿರಬಹುದು. ವಿಜ್ಞಾನದ ದೃಷ್ಟಿಯಲ್ಲಿ ಅದೇ ನಿಜವಾದ ವೀಕ್ಷಣೆ. ಅಂಥ ಚಿತ್ರದ ಕೆಳಗೆ ಅಂದವಾಗಿ ಬರೆ ಎಂದು ಬರೆದರೆ ಆ ಮಗು ಮುಂದಿನ ಸಲ ಹೂವನ್ನು ನೋಡುವುದಿಲ್ಲ, ಹಲಗೆಯನ್ನು ನೋಡುತ್ತದೆ.

ಆದ್ದರಿಂದ ಪುಸ್ತಕ ತಿದ್ದುವಾಗ ಪಾಲಿಸಬಹುದಾದ ಕ್ರಮ ಸರಳ. ಮೊದಲು ನೋಡುವುದು. ಅನುಮಾನವಿದ್ದರೆ ಇದನ್ನು ಹೀಗೇಕೆ ಬರೆದೆ ಎಂದು ಮಗುವನ್ನೇ ಕೇಳುವುದು. ಸರಿಯಾಗಿರುವ ಒಂದು ಭಾಗವನ್ನು ಹೆಸರಿಟ್ಟು ಹೇಳುವುದು. ಬದಲಾಗಬೇಕಾದದ್ದು ಒಂದೇ ಆಗಿರಲಿ, ಅದರ ಕಾರಣವೂ ಜೊತೆಗಿರಲಿ. ಮಗುವಿನ ಗೆರೆಯ ಮೇಲೆ ನಮ್ಮ ಗೆರೆ ಎಳೆಯದೆ ಪಕ್ಕದ ಚೀಟಿಯಲ್ಲಿ ಬರೆದು ತೋರಿಸುವುದು. ನಲವತ್ತು ಪುಸ್ತಕಗಳಿಗೂ ಒಂದೇ ದಿನ ಇದು ಸಾಧ್ಯವಾಗದು. ದಿನಕ್ಕೆ ಎಂಟು ಪುಸ್ತಕಗಳಂತೆ ಹಂಚಿಕೊಂಡರೆ ಐದು ದಿನಗಳಲ್ಲಿ ಇಡೀ ತರಗತಿ ಮುಗಿಯುತ್ತದೆ. ನಿನ್ನೆ ಕೊಟ್ಟ ಸಲಹೆ ಸರಿಯಿಲ್ಲವೆಂದು ಇಂದು ತಿಳಿದರೆ ಅದನ್ನು ಹಿಂತೆಗೆದುಕೊಳ್ಳಲು ಸಂಕೋಚ ಬೇಡ. ಅವನೀಂದ್ರನಾಥರಂಥ ದೊಡ್ಡವರು ಬೆಳಗಾಗುವುದನ್ನೇ ಕಾದು ಶಿಷ್ಯನ ಬಳಿಗೆ ಓಡಿದ್ದರಿಂದಲೇ ಉಮೆ ತನ್ನ ಕಾವಿ ಬಣ್ಣದಲ್ಲಿಯೇ ಉಳಿದಳು.