ಊದುಬತ್ತಿಯ ಹೊಗೆಯೂ ಸತೀಶ್ ಧವನರ ಗಾಳಿಯ ಲೆಕ್ಕವೂ

ಕಾರವಾರ: ಮಧ್ಯಾಹ್ನ ಕಳೆಯುತ್ತಿದ್ದಂತೆ ಕಾರವಾರ, ಅಂಕೋಲಾದ ಮನೆಗಳಿಗೆ ಕಡಲ ಗಾಳಿ ನುಗ್ಗುತ್ತದೆ. ಕಿಟಕಿಯ ಬಳಿ ಕ್ಯಾಲೆಂಡರಿನ ಹಾಳೆ ಪಟಪಟಿಸುತ್ತಿದ್ದರೂ ಅದೇ ಕೋಣೆಯ ಮೂಲೆಯಲ್ಲಿ ಕುಳಿತವರು ಬೆವರುತ್ತಿರುತ್ತಾರೆ. ಗಾಳಿಯಾಡದ ದೇವರ ಕೋಣೆಯಲ್ಲಿ ಊದುಬತ್ತಿಯ ಹೊಗೆ ಗೇಣುದ್ದ ನೂಲಿನಂತೆ ನೇರವಾಗಿ ಏರಿ, ಬಳಿಕ ಥಟ್ಟನೆ ಸುರುಳಿಯಾಗಿ ಚದುರುತ್ತದೆ. ಶಾಂತವಾದ ಪದರ ಹರಿವು ಹೀಗೆ ಪ್ರಕ್ಷುಬ್ಧ ಹರಿವಾಗುವ ನಡುವಿನ ಸ್ಥಿತಿಯನ್ನು ಅಳೆದು ಲೆಕ್ಕಕ್ಕೆ ತಂದವರಲ್ಲಿ ಬೆಂಗಳೂರಿನ ಪ್ರೊ. ಸತೀಶ್ ಧವನ್ ಪ್ರಮುಖರು. ರಾಕೆಟ್‌ಗಳಿಂದಾಗಿ ನಾಡಿಗೆ ಪರಿಚಿತರಾದ ಅವರ ಮೂಲ ಕಸುಬು ಗಾಳಿಯ ಅಧ್ಯಯನವೇ ಆಗಿತ್ತು.

1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ ಜನಿಸಿದ ಧವನ್, ಲಾಹೋರಿನಲ್ಲಿ ಗಣಿತ, ಭೌತಶಾಸ್ತ್ರ, ಇಂಗ್ಲಿಷ್ ಸಾಹಿತ್ಯ ಮತ್ತು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದರು. ಬಳಿಕ ಅಮೆರಿಕಕ್ಕೆ ತೆರಳಿ ಮಿನ್ನೆಸೋಟ ವಿಶ್ವವಿದ್ಯಾಲಯ ಹಾಗೂ ಕ್ಯಾಲ್‌ಟೆಕ್‌ನಲ್ಲಿ ವ್ಯಾಸಂಗ ಮಾಡಿದರು. ಹರಿಯುವ ಗಾಳಿ ಮೇಲ್ಮೈಯನ್ನು ಉಜ್ಜುವ ಬಲವನ್ನು ನೇರವಾಗಿ ಅಳೆಯುವುದು ಅವರ ಸಂಶೋಧನೆಯ ವಿಷಯವಾಗಿತ್ತು. ಹ್ಯಾನ್ಸ್ ಲೀಪ್‌ಮನ್ ಅವರ ಮಾರ್ಗದರ್ಶನದಲ್ಲಿ 1951ರಲ್ಲಿ ಡಾಕ್ಟರೇಟ್ ಪಡೆದರು.

ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ ಅವರು, 1955ರಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಾದರು. ಶಬ್ದಾತೀತ ವೇಗದ ಗಾಳಿ ಸುರಂಗವನ್ನು ಅಲ್ಲಿ ಕಟ್ಟಿ, ಪ್ರಯೋಗಕ್ಕೆ ಬೇಕಾದ ಸಾಧನವನ್ನು ತಾವೇ ರೂಪಿಸಿಕೊಳ್ಳುವ ಪರಿಪಾಠವನ್ನು ಶಿಷ್ಯರಿಗೆ ಕಲಿಸಿದರು.

1958ರಲ್ಲಿ ಶಿಷ್ಯ ರೊದ್ದಂ ನರಸಿಂಹ ಅವರೊಡನೆ ಪ್ರಕಟಿಸಿದ ಪ್ರಬಂಧ ಅವರ ಮಹತ್ವದ ಕೊಡುಗೆಗಳಲ್ಲೊಂದು. ಗಾಳಿ ಒಂದು ಗೆರೆ ದಾಟಿದೊಡನೆ ಪೂರ್ತಿ ಕದಡಿಹೋಗುವುದಿಲ್ಲ. ನಡುವಿನ ವಲಯದ ಒಂದೇ ಬಿಂದುವಿನಲ್ಲಿ ಅದು ಕೆಲಹೊತ್ತು ಶಾಂತವಾಗಿ, ಕೆಲಹೊತ್ತು ಪ್ರಕ್ಷುಬ್ಧವಾಗಿ ಹರಿಯುತ್ತದೆ. ಪ್ರಕ್ಷುಬ್ಧವಾಗಿರುವ ಸಮಯದ ಪಾಲು ತಿಳಿದರೆ, ಎರಡೂ ಹರಿವುಗಳನ್ನು ಆ ಪ್ರಮಾಣದಲ್ಲಿ ಬೆರೆಸಿ ಸರಾಸರಿ ವೇಗವನ್ನು ಕಂಡುಕೊಳ್ಳಬಹುದೆಂದು ಇಬ್ಬರೂ ತೋರಿಸಿದರು.

ಧವನ್ ಅಧ್ಯಯನ ಮಾಡಿದ್ದು ಮೇಲ್ಮೈಗೆ ಅಂಟಿದಂತೆ ಹರಿಯುವ ತೆಳು ಪದರವನ್ನೇ ಹೊರತು ಮನೆಯೊಳಗಿನ ಗಾಳಿಯನ್ನಲ್ಲ. ಆದರೂ ಅವರು ಎತ್ತಿದ ಪ್ರಶ್ನೆ ಮನೆಯೊಳಗೂ ಎದುರಾಗುತ್ತದೆ. ಆಸ್ಪತ್ರೆ ಅಥವಾ ಕಚೇರಿಯ ಗಾಳಿಯ ಚಲನೆಯನ್ನು ಇಂದು ಎಂಜಿನಿಯರುಗಳು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುತ್ತಾರೆ. ಕೋಣೆಯನ್ನು ಸಣ್ಣ ಸಣ್ಣ ಭಾಗಗಳಾಗಿ ಒಡೆದರೂ ಪ್ರತಿ ಸುಳಿಯನ್ನು ಎಣಿಸುವುದು ಸಾಮಾನ್ಯ ಯಂತ್ರಗಳಿಗೆ ಅಸಾಧ್ಯ. ಹೀಗಾಗಿ ಪ್ರಕ್ಷುಬ್ಧತೆಯ ಮಾದರಿಗಳು ಬೇಕಾಗುತ್ತವೆ. 1970ರ ದಶಕದಿಂದ ಬಳಕೆಯಲ್ಲಿರುವ ಕೆ-ಎಪ್ಸಿಲಾನ್ ಮಾದರಿ ಮೂಲತಃ ಗಾಳಿ ಪೂರ್ತಿ ಪ್ರಕ್ಷುಬ್ಧವಾಗಿದೆಯೆಂದೇ ಭಾವಿಸುತ್ತದೆ. ಕಿಟಕಿಯ ಬಳಿ ಬೀಸಿ ಮೂಲೆಯಲ್ಲಿ ನಿಲ್ಲುವ ಗಾಳಿಗೆ ಈ ಊಹೆ ಎಲ್ಲೆಡೆ ಹೊಂದುವುದಿಲ್ಲ. ಲೆಕ್ಕ ತಪ್ಪಿದರೆ, ರೋಗಿಯ ಉಸಿರು ಯಾರತ್ತ ಸಾಗುತ್ತದೆಂಬ ಅಂದಾಜೂ ತಪ್ಪಬಹುದು. ಪರಿವರ್ತನೆಯನ್ನೂ ಗಣಿಸುವ ಈಚಿನ ಹಲವು ಮಾದರಿಗಳಲ್ಲಿ, ಧವನ್ ಮತ್ತು ನರಸಿಂಹ ಬಳಸಿದ ಆ ಪಾಲಿನ ಪರಿಕಲ್ಪನೆಯೇ ಮುಖ್ಯ ಅಂಶವಾಗಿದೆ.

1962ರಲ್ಲಿ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದ ಧವನ್ 1981ರವರೆಗೆ ಆ ಹುದ್ದೆಯಲ್ಲಿದ್ದರು. ವಿಕ್ರಂ ಸಾರಾಭಾಯಿ ನಿಧನರಾದ ಬಳಿಕ, 1972ರಲ್ಲಿ ಇಸ್ರೋದ ಹೊಣೆ ಬಂದಾಗ ಎರಡು ಷರತ್ತು ಮುಂದಿಟ್ಟರು: ಸಂಸ್ಥೆಯ ನಿರ್ದೇಶಕ ಹುದ್ದೆ ಬಿಡುವುದಿಲ್ಲ, ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇರಬೇಕು. ಎರಡೂ ಈಡೇರಿದವು.

1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿದ್ದಾಗ, ಯೋಜನಾ ನಿರ್ದೇಶಕ ಅಬ್ದುಲ್ ಕಲಾಂ ಅವರನ್ನು ಮುಂದೊಡ್ಡದೆ ಪತ್ರಕರ್ತರನ್ನು ತಾವೇ ಎದುರಿಸಿ ವೈಫಲ್ಯದ ಹೊಣೆ ಹೊತ್ತರು. 1980ರ ಜುಲೈ 18ರಂದು ಉಡಾವಣೆ ಯಶಸ್ವಿಯಾದಾಗ ಪತ್ರಿಕಾಗೋಷ್ಠಿ ನಡೆಸಲು ಕಲಾಂ ಅವರನ್ನೇ ಕಳುಹಿಸಿದರು.

1984ರಲ್ಲಿ ಇಸ್ರೋದ ಹೊಣೆಯಿಂದ ಬಿಡುಗಡೆಯಾದ ಮೇಲೂ ಗಾಳಿಯ ಕುತೂಹಲ ಅವರನ್ನು ಬಿಡಲಿಲ್ಲ. ಹಕ್ಕಿಗಳ ಹಾರಾಟವನ್ನು ಅಧ್ಯಯನ ಮಾಡಿ ಪುಸ್ತಕ ಬರೆದರು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷ ಶ್ರೀಹರಿಕೋಟಾದ ಉಡಾವಣಾ ಕೇಂದ್ರಕ್ಕೆ ಅವರ ಹೆಸರಿಡಲಾಯಿತು. 1958ರ ಲೆಕ್ಕವನ್ನಂತೂ ತಜ್ಞರು ಇಂದಿಗೂ ಗುರು-ಶಿಷ್ಯರಿಬ್ಬರ ಹೆಸರು ಸೇರಿಸಿಯೇ ಕರೆಯುತ್ತಾರೆ.