ಜೀವ ಉಳಿಸಿದ ತೂತು

ಎಲ್ಲರ ಮನೆ ದೋಸೆಯೂ ತೂತೇ ಅಂತ ನಾವು ಹೇಳ್ತೀವಿ. ತೂತು ಅಂದ್ರೆ ಹುಳುಕು ಅಂತಲೇ ನಮ್ಮ ಲೆಕ್ಕ. ಆದರೆ ಸರಿಯಾದ ಅಳತೆಯ ಒಂದು ತೂತು ಯುದ್ಧವಿಮಾನದ ಪೈಲಟ್‌ಗಳ ಜೀವ ಕಾದದ್ದೂ ಉಂಟು. ಆ ಅಳತೆಯನ್ನು ಕಂಡುಹಿಡಿದವಳು ಬಿಯಾಟ್ರಿಸ್ ಶಿಲ್ಲಿಂಗ್.

ಬಿಯಾಟ್ರಿಸ್ ಹುಟ್ಟಿದ್ದು 1909ರ ಮಾರ್ಚ್ 8ರಂದು, ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದ ವಾಟರ್‌ಲೂವಿಲ್ ಎಂಬ ಊರಿನಲ್ಲಿ. ತಂದೆ ಮಾಂಸದ ವ್ಯಾಪಾರಿ. 14ನೇ ವಯಸ್ಸಿಗೇ ಹುಡುಗಿ ಒಂದು ಮೋಟರ್‌ಸೈಕಲ್ ಕೊಂಡಳು. ಸ್ಕೂಲು ಮುಗಿಸಿ ಮಾರ್ಗರೆಟ್ ಪಾರ್ಟ್‌ರಿಜ್ ಎಂಬ ಮಹಿಳಾ ಇಂಜಿನಿಯರರ ಕೈಕೆಳಗೆ ವಿದ್ಯುತ್ ಕೆಲಸ ಕಲಿತಳು. ಆಕೆಯ ಒತ್ತಾಸೆಯಿಂದಲೇ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಸೇರಿದ್ದು. 1932ರಲ್ಲಿ ಎಲೆಕ್ಟ್ರಿಕಲ್ ಪದವಿ, ಮರುವರ್ಷ ಮೆಕ್ಯಾನಿಕಲ್‌ನಲ್ಲಿ ಎಂ.ಎಸ್ಸಿ. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಗಂಡಸರಿಗೇ ಕೆಲಸವಿಲ್ಲ, ಇನ್ನು ಹೆಣ್ಣು ಇಂಜಿನಿಯರನ್ನು ಕೇಳೋರು ಯಾರು? ಕಡೆಗೆ ಬರ್ಮಿಂಗ್‌ಹ್ಯಾಮಿನಲ್ಲಿ ಪ್ರೊ. ಮಕ್ಲೋ ಅವರಿಗೆ ಸಂಶೋಧನಾ ಸಹಾಯಕಿಯಾದಳು. ವಿಷಯ: ಒಂಟಿ ಸಿಲಿಂಡರ್ ಎಂಜಿನುಗಳ ಸೂಪರ್‌ಚಾರ್ಜಿಂಗ್.

ಸೂಪರ್‌ಚಾರ್ಜರ್ ಅಂದ್ರೆ ಎಂಜಿನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು. ಗಾಳಿ ಹೆಚ್ಚಾದರೆ ಪೆಟ್ರೋಲೂ ಅದೇ ಪ್ರಮಾಣದಲ್ಲಿ ಹೆಚ್ಚಬೇಕು. ಪೆಟ್ರೋಲು ಸಾಲದೆ ಹೋದರೆ ಮಿಶ್ರಣ ಮಿತಿಮೀರಿ ಕಾದು, ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು, ಪಿಸ್ಟನ್ನೇ ಕರಗಬಹುದು. ಅತಿಯಾದರೆ ಎಂಜಿನ್ ಕಪ್ಪು ಹೊಗೆ ಕಾರಿ ಉಸಿರುಗಟ್ಟಿ ನಿಂತೀತು. ಕಾರಿಗಾದರೂ ಅಷ್ಟೆ, ವಿಮಾನಕ್ಕಾದರೂ ಅಷ್ಟೆ: ಗಾಳಿ ತುಂಬೋದು ಸುಲಭ, ಅದಕ್ಕೆ ತಕ್ಕಷ್ಟು ಪೆಟ್ರೋಲು ಕೊಡೋದೇ ಕಷ್ಟ.

ಪುಸ್ತಕದ ಹುಳು ಅಂತ ತಿಳೀಬೇಡಿ. 1934ರಲ್ಲಿ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನಲ್ಲಿ ತನ್ನ ನಾರ್ಟನ್ ಬೈಕನ್ನು ಗಂಟೆಗೆ ನೂರು ಮೈಲಿಗೂ ಮೀರಿದ ವೇಗದಲ್ಲಿ ಓಡಿಸಿ ಗೋಲ್ಡ್ ಸ್ಟಾರ್ ಗೆದ್ದಳು. 1936ರಲ್ಲಿ ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್ ಸೇರಿದಳು. ಮೊದಲು ಸಿಕ್ಕಿದ್ದು ಕೂತು ಬರೆಯುವ ಕೆಲಸ. ಅದು ಹಿಡಿಸದೆ ಕಾರ್ಬ್ಯುರೇಟರ್ ವಿಭಾಗಕ್ಕೆ ದಾಟಿಕೊಂಡಳು. 1938ರಲ್ಲಿ ಅಲ್ಲಿಯೇ ಕೆಲಸದಲ್ಲಿದ್ದ ಜಾರ್ಜ್ ನೇಲರ್‌ನನ್ನು ಮದುವೆಯಾದಳು. ನೀನೂ ಗೋಲ್ಡ್ ಸ್ಟಾರ್ ಗೆದ್ದು ಬಾ, ಆಮೇಲೆ ಮದುವೆ ಅಂತ ಷರತ್ತು ಹಾಕಿದ್ದಳಂತೆ!

1940. ಬ್ರಿಟನ್ನಿನ ಆಕಾಶದಲ್ಲಿ ಯುದ್ಧ. ಸ್ಪಿಟ್‌ಫೈರ್, ಹರಿಕೇನ್ ಎರಡರಲ್ಲೂ ಇದ್ದದ್ದು ರೋಲ್ಸ್‌ರಾಯ್ಸ್ ಮರ್ಲಿನ್ ಎಂಜಿನ್. ಅದಕ್ಕೆ ಸೂಪರ್‌ಚಾರ್ಜರ್ ಇತ್ತು, ಆದರೆ ಪೆಟ್ರೋಲು ಬರುತ್ತಿದ್ದದ್ದು ಕಾರ್ಬ್ಯುರೇಟರಿನಿಂದ. ಇದಕ್ಕೊಂದು ಕಾರಣವಿತ್ತು. ಸೂಪರ್‌ಚಾರ್ಜರಿಗೆ ಮುಂಚೆಯೇ ಬೆರೆತ ಪೆಟ್ರೋಲು ಆವಿಯಾಗುತ್ತ ಗಾಳಿಯನ್ನು ತಣಿಸುತ್ತೆ. ತಣ್ಣನೆ ಗಾಳಿ ದಟ್ಟವಾದ್ದರಿಂದ ಶಕ್ತಿ ಹೆಚ್ಚು. ಜರ್ಮನರ ಮೆಸರ್‌ಸ್ಮಿಟ್ 109ರಲ್ಲಾದರೋ ಇಂಜೆಕ್ಟರುಗಳು ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮುತ್ತಿದ್ದವು. ಹಾಗಾಗಿ ಅದು ಥಟ್ಟನೆ ಮೂಗು ತಗ್ಗಿಸಿ ಧುಮುಕಿದರೂ ಎಂಜಿನ್ ನಿಲ್ಲುತ್ತಿರಲಿಲ್ಲ. ಬೆನ್ನಟ್ಟಿ ಧುಮುಕಿದ ಸ್ಪಿಟ್‌ಫೈರಿನಲ್ಲಿ ಮಾತ್ರ ಪೆಟ್ರೋಲು ಫ್ಲೋಟ್ ಡಬ್ಬಿಯ ಮೇಲ್ಭಾಗಕ್ಕೆ ಹಾರಿ ಎಂಜಿನ್ ಒಂದು ಕ್ಷಣ ಕೆಮ್ಮುತ್ತಿತ್ತು. ಅಷ್ಟರಲ್ಲಿ ಫ್ಲೋಟಿನ ವಾಲ್ವು ಪೂರ್ತಿ ತೆರೆದು, ಪಂಪಿನಿಂದ ಪೆಟ್ರೋಲು ನುಗ್ಗಿ, ಎಂಜಿನ್ ಮುಳುಗಿ ನಿಲ್ಲುತ್ತಿತ್ತು. ಇದನ್ನು ತಪ್ಪಿಸಲು ಪೈಲಟ್ ವಿಮಾನವನ್ನು ಮಗುಚಿ ಧುಮುಕಬೇಕಿತ್ತು. ಅಷ್ಟರೊಳಗೆ ಶತ್ರು ಪರಾರಿ. ಬೆನ್ನ ಹಿಂದೆಯೇ ಶತ್ರುವಿದ್ದರೆ ಪ್ರಾಣಕ್ಕೇ ಸಂಚಕಾರ.

ಎಂಜಿನನ್ನೇ ಬದಲಿಸೋಣ ಅಂದ್ರೆ ಸಮಯವಿಲ್ಲ. ಬಿಯಾಟ್ರಿಸ್ ಕೇಳಿಕೊಂಡ ಪ್ರಶ್ನೆ ಸರಳ: ಪೂರ್ತಿ ಶಕ್ತಿಯಲ್ಲಿ ಓಡುವಾಗ ಎಂಜಿನಿಗೆ ಬೇಕಾದ ಪೆಟ್ರೋಲು ಎಷ್ಟು? ಅಷ್ಟೇ ಹರಿಯುವಂತೆ ತೂತು ಕೊರೆದ ಒಂದು ಹಿತ್ತಾಳೆ ತುಣುಕನ್ನು ಪೆಟ್ರೋಲಿನ ದಾರಿಯಲ್ಲಿ ಕೂರಿಸಿದಳು. ಎಂಜಿನಿನ ಬೂಸ್ಟ್ ಎಷ್ಟೋ ಅದಕ್ಕೆ ತಕ್ಕ ತೂತು. ಇನ್ನು ಎಂಜಿನ್ ಮುಳುಗುವ ಭಯವಿಲ್ಲ. ವಿಮಾನವನ್ನು ಕೆಲಸದಿಂದ ಬಿಡಿಸದೆಯೇ ಇದನ್ನು ಹಾಕಬಹುದಿತ್ತು. 1941ರ ಮೊದಲ ತಿಂಗಳುಗಳಲ್ಲಿ ಸಣ್ಣದೊಂದು ತಂಡ ಕಟ್ಟಿಕೊಂಡು ವಿಮಾನನೆಲೆಗಳನ್ನು ಸುತ್ತಿ, ನಿಂತು ಹಾಕಿಸಿದಳು. ಸುತ್ತಾಟವೆಲ್ಲ ಅದೇ ನಾರ್ಟನ್ ಮೇಲೆ ಎನ್ನುತ್ತಾರೆ. ಪೈಲಟ್‌ಗಳು ಆ ತುಣುಕಿಗೆ ಆಕೆಯ ಹೆಸರು ಸೇರಿಸಿ ಪೋಲಿ ಹೆಸರೊಂದನ್ನೂ ಇಟ್ಟರು. ಇದು ಪೂರ್ಣ ಪರಿಹಾರವೇನಲ್ಲ. ತಲೆಕೆಳಗಾಗಿ ಬಹಳ ಹೊತ್ತು ಹಾರಲು ಆಗುತ್ತಿರಲಿಲ್ಲ. ಒತ್ತಡದಿಂದ ಪೆಟ್ರೋಲು ಕೊಡುವ ಹೊಸ ಕಾರ್ಬ್ಯುರೇಟರ್ ಬರುವ ತನಕ ಅದೇ ಗತಿಯಾಯಿತು.

ಯುದ್ಧ ಮುಗಿದ ಮೇಲೆ ಆಕೆ, ಮಳೆಯಲ್ಲಿ ನೆನೆದ ರನ್‌ವೇ ಮೇಲೆ ವಿಮಾನದ ಬ್ರೇಕು ಹಿಡಿಯುವ ಬಗೆಯನ್ನೂ ಅಭ್ಯಾಸ ಮಾಡಿದಳು. ಗಂಡ ಹೆಂಡತಿ ಸೇರಿ ಕಾರುಗಳನ್ನು ಬಿಚ್ಚಿ, ಟ್ಯೂನ್ ಮಾಡಿ, ರೇಸಿಗೆ ಇಳಿಸಿದರು. 1967ರಲ್ಲಿ ಡ್ಯಾನ್ ಗರ್ನಿಯ ರೇಸ್ ಕಾರು ವಿಪರೀತ ಕಾಯುತ್ತಿದ್ದಾಗ ಸಲಹೆಗೆ ಕರೆದದ್ದೂ ಇವಳನ್ನೇ. 1969ರಲ್ಲಿ ನಿವೃತ್ತಿ. ಸರ್ರೇ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟೂ ಸಂದಿತು. 1990ರ ನವೆಂಬರಿನಲ್ಲಿ ತೀರಿಕೊಂಡಳು.

ಗೆಳೆಯರೇ, ಇವತ್ತು ಕಾರು ಬೈಕುಗಳಲ್ಲಿ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ಕಂಪ್ಯೂಟರೇ ಲೆಕ್ಕ ಹಾಕುತ್ತೆ. ಲೆಕ್ಕ ಮಾತ್ರ ಹಳೆಯದೇ: ಬಂದ ಗಾಳಿಗೆ ತಕ್ಕ ಪೆಟ್ರೋಲು, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಲ್ಯಾಬಿನಲ್ಲಿ ರೀಡಿಂಗನ್ನು ಪಕ್ಕದವನ ಪುಸ್ತಕದಿಂದ ಇಳಿಸಿಕೊಳ್ಳುವಾಗ ನಮಗೆ ಆ ಹಿತ್ತಾಳೆ ತುಣುಕು ನೆನಪಾಗಲಿ. ಅದರ ಅಳತೆಯ ಮೇಲೆ ಯಾರದೋ ಮನೆಯ ಮಗನ ಜೀವ ನಿಂತಿತ್ತು.