ಶಾಲೆಗೇ ಹೋಗದವರು ಡಾರ್ವಿನ್ ಬರಹವನ್ನು ತಿದ್ದಿಸಿದ್ದು ನಿಜವೇ?

ನಿಜ. ಅವರು ವಿಲಿಯಂ ಹೆನ್ರಿ ಹಡ್ಸನ್. 1841ರಲ್ಲಿ ಅರ್ಜೆಂಟೀನಾದ ಪಂಪಾಸ್ ಹುಲ್ಲುಗಾವಲಿನಲ್ಲಿ ಹುಟ್ಟಿದರು. ಓದಿದ್ದೆಲ್ಲ ಮನೆಯಲ್ಲೇ.

ಹದಿಹರೆಯದಲ್ಲಿ ರುಮ್ಯಾಟಿಕ್ ಜ್ವರ ಬಂದು ಹೃದಯ ಸೋತಿತು. ಹೆಚ್ಚು ದಿನ ಉಳಿಯುವುದಿಲ್ಲ ಎಂದರು ವೈದ್ಯರು. ಆದರೂ ಜೌಗು ನೆಲದಲ್ಲಿ ಹಕ್ಕಿ ನೋಡುವುದನ್ನು ಅವರು ಬಿಡಲಿಲ್ಲ. ಆರ್ಕ್ಟಿಕ್‌ನಲ್ಲಿ ಮರಿ ಮಾಡಿ, ಸಾವಿರಾರು ಕಿಲೋಮೀಟರ್ ಹಾರಿ ಬರುವ ಗೋಲ್ಡನ್ ಪ್ಲವರ್ ಹಿಂಡುಗಳನ್ನು ಅಲ್ಲೇ ಕಂಡರು.

ಆ ಬಯಲಿನ ಮರಕುಟಿಗ ಮರವನ್ನೇ ಹತ್ತುವುದಿಲ್ಲ ಎಂದು ಡಾರ್ವಿನ್ ಬರೆದಿದ್ದರು. ಹಡ್ಸನ್ 1870ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘಕ್ಕೆ ಪತ್ರ ಬರೆದು ಇದನ್ನು ಅಲ್ಲಗಳೆದರು. ಕೆಲವು ಕಡೆ ಈ ಹಕ್ಕಿ ಮರಕ್ಕೆ ಬರುತ್ತದೆ, ಕಾಂಡ ಕೊರೆದು ಗೂಡು ಮಾಡುತ್ತದೆ ಎಂಬುದನ್ನು ಡಾರ್ವಿನ್ 1872ರ ಆವೃತ್ತಿಯಲ್ಲಿ ಹಡ್ಸನ್ ಹೆಸರಿನೊಂದಿಗೇ ಸೇರಿಸಿದರು. ಹಾಗೆಂದು ವಿಕಾಸವಾದವೇ ಸುಳ್ಳಾಯಿತು ಎಂದರ್ಥವಲ್ಲ. ತಿದ್ದಿಕೊಂಡದ್ದು ಒಂದು ವಿವರವನ್ನು ಮಾತ್ರ.

1874ರಲ್ಲಿ ಇಂಗ್ಲೆಂಡ್ ಸೇರಿದ ಹಡ್ಸನ್, ಟೋಪಿಯ ಗರಿಗಾಗಿ ಹಕ್ಕಿ ಕೊಲ್ಲುವುದರ ವಿರುದ್ಧ ಬರೆದರು. ವೈದ್ಯರ ಮಾತು ಸುಳ್ಳಾಗಿ 81 ವರ್ಷ ಬಾಳಿ 1922ರಲ್ಲಿ ತೀರಿಕೊಂಡರು.

ಪಂಪಾಸ್‌ಗೆ ಹಿಂಡು ಹಿಂಡಾಗಿ ಬರುತ್ತಿದ್ದ ಎಸ್ಕಿಮೊ ಕರ್ಲ್ಯೂ ಮಾತ್ರ ಬೇಟೆಗೆ, ಹುಲ್ಲುಗಾವಲಿನ ನಾಶಕ್ಕೆ ಸಿಕ್ಕಿ ಮರೆಯಾಯಿತು. 1963ರ ನಂತರ ಅದು ಕಂಡದ್ದಕ್ಕೆ ಖಚಿತ ಪುರಾವೆ ಇಲ್ಲ. ಎಷ್ಟು ಕೊಂದರೂ ಹಕ್ಕಿಗಳು ಮುಗಿಯುವುದಿಲ್ಲ ಎಂಬ ಮಾತನ್ನು ನಾವು ನಂಬದಿರಲು ಇದೊಂದೇ ಸಾಕು.